ದುಡ್ಡಿಗೆ ಮಿತಿ ಇಲ್ಲದಿದ್ದರೆ ಯಾವ ಹಡಗು ಹತ್ತಬೇಕು? ಹೋಗಿ ಬಂದವರು ಹೇಳಿ

ಪ್ರಶ್ನೆ, ಬಸವನಗುಡಿಯಿಂದ

ನಮಸ್ಕಾರ. ನಮ್ಮ ಯಜಮಾನರು ಕಾರ್ಖಾನೆ ಮಾರಿ ಈಗಷ್ಟೇ ಬಿಡುವಾಗಿದ್ದಾರೆ. ದೊಡ್ಡದೊಂದು ಸಮುದ್ರಯಾನ ಮಾಡಬೇಕು ಅನ್ನುವುದು ಅವರ ಹಳೇ ಆಸೆ. "ಖರ್ಚಿನ ಮಾತು ಎತ್ತಬೇಡ, ಎಲ್ಲಿಗೆ ಅಂತ ಮಾತ್ರ ಹೇಳು" ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಇಬ್ಬರಿಗೂ ಅರವತ್ತು ದಾಟಿದೆ. ಸಸ್ಯಾಹಾರಿಗಳು. ಅವರಿಗೆ ಮಂಡಿ ನೋವು. ನನಗೆ ಚಾರ್ಮಾಡಿ ಘಾಟಿಯಲ್ಲೇ ಹೊಟ್ಟೆ ತೊಳಸುತ್ತದೆ. ಏಜೆಂಟರನ್ನು ಕೇಳಿದರೆ ಅತಿ ದೊಡ್ಡ ಹಡಗಿನ ಅತಿ ದುಬಾರಿ ಸೂಟ್ (ಐಷಾರಾಮಿ ಕೋಣೆ) ತೋರಿಸುತ್ತಾರೆ. ನೀವಾದರೆ ಎಲ್ಲಿಗೆ ಹೋಗುತ್ತಿದ್ದಿರಿ?

ಮೈಸೂರಿನಿಂದ

ಮೇಡಂ, ಎಷ್ಟೇ ದುಡ್ಡಿದ್ದರೂ ದೊಡ್ಡ ಹಡಗಿಗೆ ಸುರಿಯಬೇಡಿ. ಚಿಕ್ಕ ಹಡಗಿಗೆ ಹಾಕಿ. ನನ್ನ ಓಟು ಅಂಟಾರ್ಕ್ಟಿಕಾಗೆ.

ಅಲ್ಲಿನ ನಿಯಮ ಹೀಗಿದೆ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಅರಮನೆಯಂಥ ಸೂಟ್ ಹಿಡಿದರೂ ಬಾಲ್ಕನಿಯಿಂದ ಹಿಮ ನೋಡಿ ವಾಪಸ್ ಬರಬೇಕು. ಇಳಿಸುವ ಹಡಗುಗಳಲ್ಲೂ ಒಂದು ಜಾಗಕ್ಕೆ ಒಂದು ಸಲ 100 ಜನ ಮಾತ್ರ. ಹಡಗಿನಲ್ಲಿ 400 ಜನ ಇದ್ದರೆ ಸರದಿ ಕಾಯುವುದೇ ಕೆಲಸ. ನೂರು, ನೂರೈವತ್ತು ಜನರ ಹಡಗಾದರೆ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ರಬ್ಬರ್ ದೋಣಿಯಲ್ಲಿ ಹೋಗಿ ಆರಾಮಾಗಿ ಇಳಿಯಬಹುದು. ಹೆಚ್ಚಿನ ದುಡ್ಡು ಕೆಲಸಕ್ಕೆ ಬರುವುದು ಇಲ್ಲಿ.

ಸೀಸನ್ ನವೆಂಬರ್‌ನಿಂದ ಮಾರ್ಚ್‌ವರೆಗೆ. ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ತುತ್ತತುದಿಯ ಉಶುವಾಯಾದಿಂದ ಹೊರಡುತ್ತವೆ. ಮರಿ ಪೆಂಗ್ವಿನ್ ನೋಡಬೇಕಾದರೆ ಜನವರಿ ಒಳ್ಳೆಯದು. ತಿಮಿಂಗಿಲಕ್ಕೆ ಫೆಬ್ರವರಿ, ಮಾರ್ಚ್. ಪೆಂಗ್ವಿನ್‌ನಿಂದ 5 ಮೀಟರ್ ದೂರ ನಿಲ್ಲಬೇಕು. ಇಳಿಯುವ ಮೊದಲು ಬ್ಯಾಗು, ಪ್ಯಾಂಟಿನ ಮಡಿಕೆಗಳನ್ನೆಲ್ಲ ವ್ಯಾಕ್ಯೂಮ್ ಹಾಕಿ ಕ್ಲೀನ್ ಮಾಡಿಸುತ್ತಾರೆ, ಹೊರಗಿನ ಬೀಜ ಅಲ್ಲಿ ಬೀಳಬಾರದು ಅಂತ. ಬೂಟನ್ನು ಔಷಧಿ ನೀರಿನಲ್ಲಿ ಅದ್ದಬೇಕು. ದಡದಲ್ಲಿ ಊಟ ಇಲ್ಲ, ಶೌಚಾಲಯವೂ ಇಲ್ಲ. ಇನ್ನೊಂದು ಮಾತು, ಫೋಟೋದಲ್ಲಿ ವಾಸನೆ ಬರುವುದಿಲ್ಲ. ಸಾವಿರಾರು ಪೆಂಗ್ವಿನ್ ಇರುವ ಕಡೆ ಮೀನು ಮಾರ್ಕೆಟ್ಟಿನ ಹಿಂದಿನ ಮೋರಿ ಇದ್ದ ಹಾಗಿರುತ್ತದೆ. ಸಸ್ಯಾಹಾರಿಗಳು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಕಷ್ಟ ಅಂದರೆ ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಗೂ ನಡುವಿನ ಡ್ರೇಕ್ ಜಲಸಂಧಿ. ದಾಟಲು ಸುಮಾರು ಎರಡು ದಿನ. ಒಮ್ಮೊಮ್ಮೆ ಕೆರೆಯಂತೆ ಸುಮ್ಮನಿರುತ್ತದೆ. ಸಿಟ್ಟು ಬಂದರೆ ಊಟದ ತಟ್ಟೆ ಮೇಜಿನ ಮೇಲೆ ನಿಲ್ಲುವುದಿಲ್ಲ. ಅದನ್ನು ತಪ್ಪಿಸಲು ಚಿಲಿಯ ಪುಂಟಾ ಅರೇನಾಸ್‌ನಿಂದ ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತಬಹುದು. ಸುಮಾರು ಎರಡು ಗಂಟೆಯ ಹಾರಾಟ. ಮಂಜು ಮುಸುಕಿದರೆ ವಿಮಾನ ಏಳುವುದಿಲ್ಲ, ಅಲ್ಲೇ ಕಾಯಬೇಕು. ನಿಮ್ಮ ಹೊಟ್ಟೆಯ ಕಥೆ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮೂರು ವಾರ ಬಿಡುವಿದ್ದರೆ ಸೌತ್ ಜಾರ್ಜಿಯಾ ದ್ವೀಪವೂ ಸೇರಿರುವ ಯಾನ ನೋಡಿ. ಕಿಂಗ್ ಪೆಂಗ್ವಿನ್‌ಗಳು ಲಕ್ಷಗಟ್ಟಲೆ. ಅಲ್ಲಿನ ಗ್ರಿಟ್ವಿಕೆನ್‌ನಲ್ಲಿ ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿ ಇದೆ. ಆದರೆ ಅದಕ್ಕೆ ವಿಮಾನದ ದಾರಿ ಇಲ್ಲ, ಸಮುದ್ರದಲ್ಲೇ ದಿನಗಟ್ಟಲೆ ಹೋಗಬೇಕು.

ಮಂಗಳೂರಿನಿಂದ, ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದವನು

ಅಕ್ಕಾ, ಊಟದ ಚಿಂತೆ ಬೇಡ. ದೊಡ್ಡ ಕಂಪನಿಗಳ ಗ್ಯಾಲಿಯಲ್ಲಿ (ಹಡಗಿನ ಅಡುಗೆಮನೆ) ನಮ್ಮ ಕಡೆಯವರು, ಗೋವಾದವರು, ಕೇರಳದವರು ಇದ್ದೇ ಇರುತ್ತಾರೆ. ಬುಕಿಂಗ್ ಮಾಡುವಾಗಲೇ ಬರೆದು ಕೊಡಿ. ಬರೇ "ವೆಜ್" ಎಂದು ಬರೆದರೆ ಮೊಟ್ಟೆ ಬರುತ್ತದೆ. ಕೋಳಿ ಬೇಯಿಸಿದ ನೀರಿನ ಸೂಪೂ ಬರಬಹುದು. ಏನೇನು ಬೇಡ ಅಂತ ಒಂದೊಂದಾಗಿ ಹೇಳಿ. ಹತ್ತಿದ ದಿನ ಸಂಜೆಯೇ ಹೆಡ್ ವೇಟರ್‌ನನ್ನು ಹಿಡಿಯಿರಿ. ನಾಳೆಯ ಮೆನು ಇವತ್ತು ರಾತ್ರಿ ಕೇಳಿದರೆ ದಾಲು, ಅನ್ನ, ಪಲ್ಯ ಎಲ್ಲ ಮಾಡಿಕೊಡುತ್ತೇವೆ. ಊಟದ ಹೊತ್ತಿಗೆ ಬಂದು ಕೇಳಿದರೆ ಪಾಸ್ತಾವೇ ಗತಿ. ಅಂಟಾರ್ಕ್ಟಿಕಾದ ಚಿಕ್ಕ ಹಡಗಿಗೆ ಮಧ್ಯದಲ್ಲಿ ಸಾಮಾನು ತುಂಬಿಸಲು ಊರೇ ಇಲ್ಲ. ಹಾಗಾಗಿ ಅಲ್ಲಿಗೆ ಇನ್ನೂ ಮೊದಲೇ ತಿಳಿಸಬೇಕು. ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯುವುದಾದರೆ ಕಂಪನಿಯನ್ನು ಕೇಳಿಕೊಂಡು ಒಯ್ಯಿರಿ. ಕೆಲವು ದೇಶಗಳಲ್ಲಿ ಅದನ್ನು ಕಸ್ಟಮ್ಸ್ ದಾಟಿಸುವುದು ಕಷ್ಟ.

ಇನ್ನು ಕ್ಯಾಬಿನ್. ಅತಿ ದುಬಾರಿ ಸೂಟ್‌ಗಳು ಸಾಮಾನ್ಯವಾಗಿ ಮೇಲಿನ ಡೆಕ್ಕುಗಳಲ್ಲಿ, ಎಷ್ಟೋ ಹಡಗುಗಳಲ್ಲಿ ತೀರಾ ಮುಂದೆ ಅಥವಾ ಹಿಂದೆ ಇರುತ್ತವೆ. ಅಲೆ ಎದ್ದರೆ ಜಾಸ್ತಿ ಆಡುವುದೂ ಅಲ್ಲೇ! ನಿಮಗೆ ಬೇಕಾದದ್ದು ಹಡಗಿನ ನಡುಭಾಗ, ಕೆಳಗಿನ ಡೆಕ್ಕು. ಇಬ್ಬರಿಗೆ ಅಕ್ಕಪಕ್ಕದ ಎರಡು ಕ್ಯಾಬಿನ್ ತೆಗೆದುಕೊಂಡರೂ ಸೂಟ್‌ಗಿಂತ ಕಮ್ಮಿಗೆ ಮುಗಿಯಬಹುದು, ನಿದ್ದೆಯೂ ಬರುತ್ತದೆ. ಈಜುಕೊಳದ ಕೆಳಗಿನ ಕೋಣೆ ಬೇಡ. ಬೆಳಗಿನ ಜಾವ ಕುರ್ಚಿ ಎಳೆಯುವ ಶಬ್ದ ತಲೆ ಮೇಲೇ ಕೇಳುತ್ತದೆ. ತೀರಾ ಮುಂದಿನ ಕೋಣೆಯಲ್ಲಿ ಲಂಗರಿನ ಸರಪಳಿ ಸದ್ದು. ಬುಕ್ ಮಾಡುವ ಮೊದಲು ಡೆಕ್ ಪ್ಲಾನ್ ತರಿಸಿ, ನಿಮ್ಮ ಕೋಣೆಯ ಮೇಲೆ ಕೆಳಗೆ ಏನಿದೆ ನೋಡಿ.

ಹಡಗು ಬಿಟ್ಟ ತಕ್ಷಣ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ಲು ಏರಿಸುತ್ತದೆ.

(ಸೀಸನ್‌ನಲ್ಲಿ ನಮ್ಮ ಪಣಂಬೂರಿನ ಬಂದರಿಗೂ ವಿದೇಶದ ಕ್ರೂಸ್ ಹಡಗು ಬರುತ್ತದೆ. ಇಳಿದವರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆ ಹೊರಡುತ್ತಾರೆ. ಬೇರೆ ಊರಿನಲ್ಲಿ ನೀವು ಮಾಡುವುದೂ ಅಷ್ಟೇ. ಒಂದು ದಿನದಲ್ಲಿ ಒಂದು ದೇಶ ಕಾಣುವುದಿಲ್ಲ.)

ಇಂಗ್ಲೆಂಡಿನ ರೆಡಿಂಗ್‌ನಿಂದ

ಯಾರೂ ಕ್ವೀನ್ ಮೇರಿ 2 ಹೆಸರು ಹೇಳಲಿಲ್ಲವಲ್ಲ! 2004ರಲ್ಲಿ ಓಡಾಟ ಶುರು ಮಾಡಿದ ಹಡಗು. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸಾಮಾನ್ಯವಾಗಿ ಏಳು ರಾತ್ರಿ. ಅಟ್ಲಾಂಟಿಕ್ ದಾಟುವುದಕ್ಕೆಂದೇ ಕಟ್ಟಿದ್ದು. ಹಾಗಾಗಿ ಮಾಮೂಲಿ ಕ್ರೂಸ್ ಹಡಗಿಗಿಂತ ಗಟ್ಟಿಮುಟ್ಟು, ವೇಗವೂ ಜಾಸ್ತಿ. ದೊಡ್ಡ ಲೈಬ್ರರಿ ಇದೆ, ತಾರಾಲಯ ಇದೆ. ನಾಯಿಗಳಿಗೂ ಜಾಗ ಇದೆ. ಪಶ್ಚಿಮಕ್ಕೆ ಹೋಗುವಾಗ ರಾತ್ರಿ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತದೆ. ವಾರದಲ್ಲಿ ಹೆಚ್ಚಿನ ದಿನ 25 ಗಂಟೆ ಸಿಗುತ್ತದೆ. ವಾಪಸ್ ಬರುವ ದಿಕ್ಕು ಹಿಡಿದರೆ ಅದೇ ಗಂಟೆಗಳನ್ನು ಕಳೆದುಕೊಳ್ಳುತ್ತೀರಿ. ಅದಕ್ಕೇ ಇಲ್ಲಿಂದ ಅಲ್ಲಿಗೆ ಹಡಗಿನಲ್ಲಿ ಹೋಗಿ, ವಿಮಾನದಲ್ಲಿ ಬನ್ನಿ. ಎಲ್ಲ ಕಡೆ ಲಿಫ್ಟ್ ಇದೆ, ಮಂಡಿಗೆ ತೊಂದರೆ ಇಲ್ಲ. ಬ್ರಿಟನ್, ಅಮೆರಿಕ ಎರಡೂ ವೀಸಾ ಬೇಕು.

ಹುಬ್ಬಳ್ಳಿಯಿಂದ

ವಾರಗಟ್ಟಲೆ ಬರೀ ನೀರು ನೋಡೋದು ನನಗೆ ಸಾಕಾಗಿ ಹೋಯಿತು ನೋಡ್ರಿ. ಜೀವ ಇರುವುದು ಏನಾದರೂ ಕಾಣಬೇಕು. ಚಳಿ ಬೇಡ ಅಂದರೆ ಈಕ್ವೆಡಾರ್‌ನ ಗ್ಯಾಲಪಗೋಸ್ ಒಳ್ಳೆಯದು. ಅಲ್ಲಿ 100 ಜನಕ್ಕಿಂತ ದೊಡ್ಡ ಹಡಗಿಗೆ ಅವಕಾಶವೇ ಇಲ್ಲ. 16, 20 ಜನರ ದೋಣಿಗಳೂ ಸಿಗುತ್ತವೆ. ನಿಮ್ಮ ಬಜೆಟ್ಟಿಗೆ ಇಡೀ ದೋಣಿಯನ್ನೇ ಹಿಡಿದು ಬೀಗರನ್ನೆಲ್ಲ ಕರಕೊಂಡು ಹೋಗಬಹುದು. ಗೈಡ್ ಇಲ್ಲದೆ ನಡೆಯಲು ಬಿಡುವುದಿಲ್ಲ. ಆಮೆ, ಸಮುದ್ರದಲ್ಲಿ ಈಜುವ ಓತಿಕೇತ, ಎಲ್ಲ ಪಕ್ಕದಲ್ಲೇ.

ಶಿವಮೊಗ್ಗದಿಂದ, ವೈದ್ಯೆ

ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಡಗು ಬಿಡುವ ಮುಂಚೆಯೇ ತೆಗೆದುಕೊಳ್ಳಬೇಕು. ಕಿವಿ ಹಿಂದೆ ಅಂಟಿಸುವ ಪ್ಯಾಚ್ ಬಗ್ಗೆ ಯಾರಾದರೂ ಹೇಳುತ್ತಾರೆ. ಗ್ಲಾಕೋಮಾ ಇರುವವರಿಗೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಅದು ಆಗಿಬರುವುದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ. ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ಹಾಕಿ ಕೈ ತೊಳೆಯಿರಿ. ಇನ್ಶೂರೆನ್ಸ್‌ನಲ್ಲಿ ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲೇಬೇಕು. ಅಂಟಾರ್ಕ್ಟಿಕಾದಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆ ಎಂದರೆ ಇನ್ನೊಂದು ಖಂಡ.

ಜಯನಗರದಿಂದ, ಚಾರ್ಟರ್ಡ್ ಅಕೌಂಟೆಂಟ್

ಮಿತಿ ಇಲ್ಲ ಎಂದಿರಿ. ರಿಸರ್ವ್ ಬ್ಯಾಂಕ್ ಪ್ರಕಾರ ಇದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್. ಮಕ್ಕಳಿಗೆ ಕಳಿಸಿದ್ದು, ಅಲ್ಲಿ ಶೇರು ಕೊಂಡದ್ದು ಎಲ್ಲ ಅದರಲ್ಲೇ ಸೇರುತ್ತದೆ. ಅಂಟಾರ್ಕ್ಟಿಕಾಗೆ ಇದು ಧಾರಾಳ ಸಾಕು. ಪ್ರಪಂಚ ಸುತ್ತುವ ಯಾನದ ದೊಡ್ಡ ಸೂಟ್ ಹಿಡಿದರೆ ಮೊದಲೇ ಲೆಕ್ಕ ಹಾಕಿ. ಪ್ಯಾಕೇಜ್ ಮೇಲೆ ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಕರಾರು ಪತ್ರವನ್ನೂ ಓದಿ. ದಾರಿ ಬದಲಿಸುವ ಹಕ್ಕು ಹಡಗಿನವರದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋದವು. ಇಂಥದ್ದೇ ಬಂದರು ಬೇಕು ಎಂದು ದುಡ್ಡು ಕಟ್ಟುವವರು ಇದನ್ನು ನೆನಪಿಟ್ಟಿರಿ. ನಮ್ಮ ಪಾಸ್‌ಪೋರ್ಟಿಗೆ ವೀಸಾಗಳೂ ಜಾಸ್ತಿ. ಹಡಗಿನಿಂದ ಇಳಿಯದಿದ್ದರೂ ಕೆಲವು ದೇಶಗಳು ಕೇಳುತ್ತವೆ. ಒಂದು ಕಮ್ಮಿಯಾದರೂ ಹಡಗು ಹತ್ತಿಸುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ಮತ್ತೆ ಬಸವನಗುಡಿಯಿಂದ

ಎಲ್ಲರಿಗೂ ಧನ್ಯವಾದ. ಓದಿ ಹೇಳಿದೆ. ಯಜಮಾನರು ಆಗಲೇ ಪೆಂಗ್ವಿನ್ ಪಕ್ಷ ಸೇರಿಬಿಟ್ಟಿದ್ದಾರೆ. ವಿಮಾನದ ದಾರಿಗೆ ನಾನೂ ಒಪ್ಪಿದೆ. ಆದರೆ ಆ ರಬ್ಬರ್ ದೋಣಿಗೆ ಇಳಿಯುವುದು ಮಂಡಿ ನೋವಿನವರಿಗೆ ಆಗುತ್ತದಾ?

ಮೈಸೂರಿನಿಂದ

ಆಗುತ್ತದೆ, ಅವಸರ ಮಾಡಬಾರದು ಅಷ್ಟೇ. ಹಡಗಿನ ಪಕ್ಕದ ಮೆಟ್ಟಿಲಿಳಿದು, ನಾವಿಕರ ಮುಂಗೈ ಹಿಡಿದು ದೋಣಿಗೆ ಕಾಲಿಡಬೇಕು. ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಬೆನ್ನಿನ ಚೀಲದಲ್ಲಿ. ದೋಣಿಯ ಅಂಚಿನಲ್ಲಿ ಕೂತು ಕಾಲು ಆಚೆ ಹಾಕಿ ದಡದ ನೀರಿಗೆ ಇಳಿಯುವುದು. ಉದ್ದ ಬೂಟು ಹಡಗಿನವರೇ ಕೊಡುವುದುಂಟು, ಊರುಗೋಲಿನ ಬಗ್ಗೆ ಕೇಳಿ. ಇಳಿಯಲು ಆಗದ ದಿನ ದೋಣಿಯಲ್ಲೇ ಕೂತು ಹಿಮಗಡ್ಡೆಗಳ ನಡುವೆ ಸುತ್ತಬಹುದು. ನನಗೆ ಅದೇ ಇನ್ನೂ ಇಷ್ಟವಾಯಿತು.

ಈಗಿನಿಂದಲೇ ಫಿಸಿಯೋಥೆರಪಿ ಶುರು ಮಾಡಿಸಿ. ಬುಕಿಂಗ್ ಒಂದು ವರ್ಷ ಮೊದಲೇ ಆಗಲಿ, ನಡುಭಾಗದ ಕ್ಯಾಬಿನ್‌ಗಳು ಬೇಗ ಹೋಗುತ್ತವೆ. ಪುಂಟಾ ಅರೇನಾಸ್‌ಗೆ ಎರಡು ದಿನ ಮುಂಚೆ ತಲುಪಿ. ವಾಪಸ್ ವಿಮಾನವನ್ನೂ ಎರಡು ದಿನ ಬಿಟ್ಟೇ ಮಾಡಿಸಿ.