ಕ್ಯಾಪಿಲರಿ ಪ್ರಯೋಗದಲ್ಲಿ ನೀರಿನ ಮೇಲ್ಮೈ ಎಳೆತ 56 ಬರ್ತಿದೆ, 71 ಬರಬೇಕಲ್ವಾ?

ಬಿಎಸ್ಸಿ_ಲ್ಯಾಬ್:
ಕ್ಯಾಪಿಲರಿಯನ್ನು (ಸಣ್ಣ ರಂಧ್ರದ ಗಾಜಿನ ಕೊಳವೆ) ನೀರಿನಲ್ಲಿ ನಿಲ್ಲಿಸಿ, ನೀರು ಏರಿದ ಎತ್ತರದಿಂದ ಎಳೆತ ಲೆಕ್ಕ ಹಾಕುತ್ತಿದ್ದೇನೆ. ಕೊಳವೆಯ ಒಳತ್ರಿಜ್ಯ ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ (ಅಳತೆಪಟ್ಟಿಯ ಮೇಲೆ ಸರಿಯುವ ಸೂಕ್ಷ್ಮದರ್ಶಕ) 0.050 ಸೆಂ.ಮೀ., ನೀರು ಏರಿದ್ದು 2.3 ಸೆಂ.ಮೀ., ನೀರಿನ ಉಷ್ಣತೆ 30 ಡಿಗ್ರಿ. ಲೆಕ್ಕ ಹಾಕಿದರೆ ಮೀಟರಿಗೆ 56 ಮಿಲಿನ್ಯೂಟನ್. ಟೇಬಲ್‌ನಲ್ಲಿ 71.2 ಇದೆ. ನೀರು ಬೋರ್‌ವೆಲ್‌ನದು, ಬೀಕರ್ ತೊಳೆದದ್ದು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ. ಇದು ಸೆಕೆಯಿಂದಲೋ, ನೀರಿನ ಲವಣದಿಂದಲೋ, ಅಳತೆಯೇ ತಪ್ಪೋ?

ಮಿನಿಸ್ಕಸ್:
ಸೆಕೆಯನ್ನು ಮೊದಲೇ ಬಿಟ್ಟುಬಿಡಿ. ಬಿಸಿಯಾದಂತೆ ಅಣುಗಳ ನಡುವಿನ ಹಿಡಿತ ಸಡಿಲವಾಗಿ ಎಳೆತ ಇಳಿಯುವುದು ನಿಜ, ಆದರೆ ಡಿಗ್ರಿಗೆ ಸುಮಾರು 0.15 ಮಾತ್ರ. 20 ಡಿಗ್ರಿಯಲ್ಲಿ 72.8, 40ರಲ್ಲಿ 69.6. ಕುದಿಯುವ ನೀರಿಗೂ 58.9 ಇರುತ್ತದೆ, ನಿಮ್ಮದು ಅದಕ್ಕಿಂತ ಕೆಳಗಿದೆ!

ಮೈಕ್ರೋಸ್ಕೋಪ್ ಓದುವಾಗಿನ ತಪ್ಪೂ ಇದ್ದಂತಿಲ್ಲ. 71 ಬರಬೇಕಾದರೆ ತ್ರಿಜ್ಯ 0.063 ಇರಬೇಕಿತ್ತು, ಅಂದರೆ ವ್ಯಾಸದಲ್ಲಿ ಕಾಲು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ಆದರೆ ಕೊಳವೆಯ ತುದಿಯಲ್ಲಿ ಅಳೆದಿದ್ದರೆ ಮಾತು ಬೇರೆ. ರಂಧ್ರ ಉದ್ದಕ್ಕೂ ಒಂದೇ ಇರುವುದಿಲ್ಲ. ನೀರು ನಿಂತ ಜಾಗಕ್ಕೆ ಗುರುತು ಹಾಕಿ, ಅಲ್ಲೇ ಮುರಿದು, ಅಡ್ಡ ಮತ್ತು ಉದ್ದ ಎರಡೂ ವ್ಯಾಸ ಅಳೆದು ಸರಾಸರಿ ತೆಗೆಯಿರಿ.

ರಸಾಯನ_ಮೇಷ್ಟ್ರು:
ನನ್ನ ಅನುಮಾನ ಆ ಲಿಕ್ವಿಡ್ ಮೇಲೆ. ಅದರ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಬೇಡ. ಹಾಗಾಗಿ ಅವು ಮೇಲ್ಮೈಗೇ ಬಂದು ಕೂರುತ್ತವೆ, ಸ್ವಲ್ಪವೇ ಸಾಕಾಗುತ್ತದೆ. ತೊಳೆಯುವ ಪದಾರ್ಥವಾದ ಸೋಡಿಯಂ ಲಾರಿಲ್ ಸಲ್ಫೇಟ್ ಲೀಟರಿಗೆ 2.3 ಗ್ರಾಂ ಆಗುವಷ್ಟರಲ್ಲಿ ಎಳೆತ 40ರ ಸುತ್ತಮುತ್ತ ಬಂದಿರುತ್ತದೆ. ಆಮೇಲೆ ಎಷ್ಟು ಸುರಿದರೂ ಹೆಚ್ಚೇನೂ ಇಳಿಯದು, ಮಿಕ್ಕ ಅಣುಗಳು ನೀರೊಳಗೇ ಗುಂಪುಗಟ್ಟಿ ಮೈಸೆಲ್ ಆಗುತ್ತವೆ.

ಪರೀಕ್ಷೆ ಸುಲಭ. ಪ್ರಯೋಗ ಮುಗಿದ ಮೇಲೆ ಅದೇ ನೀರಿನ ಮೇಲೆ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ, ಸೋಪು ಸವರಿದ ಕಡ್ಡಿಯನ್ನು ನಡುವೆ ಮುಟ್ಟಿಸಿ. ಶುದ್ಧ ನೀರಾದರೆ ಪುಡಿ ಥಟ್ಟನೆ ಅಂಚಿಗೆ ಓಡುತ್ತದೆ. ಅಲ್ಲಾಡದಿದ್ದರೆ ಸೋಪು ಮೊದಲೇ ಸೇರಿದೆ.

ಬಿಎಸ್ಸಿ_ಲ್ಯಾಬ್:
ಪುಡಿ ಚೆನ್ನಾಗಿಯೇ ಓಡಿತು ಸರ್. ಹಾಗಾದರೆ ಬೋರ್‌ವೆಲ್ ಲವಣವೇ ಕಾರಣವಾ?

ರಸಾಯನ_ಮೇಷ್ಟ್ರು:
ಅಲ್ಲ. ಲವಣ ಎಳೆತವನ್ನು ಇಳಿಸುವುದಿಲ್ಲ, ಏರಿಸುತ್ತದೆ, ಅದೂ ಅತ್ಯಲ್ಪ. ಲೀಟರಿಗೆ 58 ಗ್ರಾಂ ಅಡುಗೆ ಉಪ್ಪು ಹಾಕಿದರೂ ಏರುವುದು ಸುಮಾರು 1.6. ಬೋರ್‌ವೆಲ್ ನೀರಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ತಮಾಷೆಯೆಂದರೆ ಅಷ್ಟು ಉಪ್ಪುನೀರು ಕೊಳವೆಯಲ್ಲಿ ಸಾದಾ ನೀರಿಗಿಂತ ಕಡಿಮೆಯೇ ಏರುತ್ತದೆ, ಏಕೆಂದರೆ ಸಾಂದ್ರತೆ ಸುಮಾರು 4% ಹೆಚ್ಚುತ್ತದೆ, ಎಳೆತ 2% ಚಿಲ್ಲರೆ ಮಾತ್ರ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಕೇಳುತ್ತಾರೆ. ಆಲ್ಕೋಹಾಲ್ ಹಾಗಲ್ಲ, ತೂಕದಲ್ಲಿ 10% ಎಥನಾಲ್ ಸೇರಿದರೆ ಎಳೆತ 48ರ ಆಸುಪಾಸಿಗೆ ಕುಸಿಯುತ್ತದೆ.

ಮಿನಿಸ್ಕಸ್:
ನೀರು ಚೆನ್ನಾಗಿದ್ದರೆ ಗಾಜನ್ನು ನೋಡಿ. ಸೂತ್ರದಲ್ಲಿ ಸ್ಪರ್ಶಕೋನ (ನೀರಿನ ಅಂಚು ಗಾಜಿನ ಗೋಡೆಯೊಂದಿಗೆ ಮಾಡುವ ಕೋನ) ಸೊನ್ನೆ ಎಂದು ಹಿಡಿದಿದ್ದೀರಿ. ಒಳಗೋಡೆಯಲ್ಲಿ ಜಿಡ್ಡಿದ್ದು ಕೋನ 38 ಡಿಗ್ರಿ ಆದರೆ ಸೂತ್ರದಲ್ಲಿ ಎಳೆತವನ್ನು ಗುಣಿಸುವ ಕೊಸೈನ್ 0.79, ಅಂದರೆ 71 ಇದ್ದದ್ದು ಲೆಕ್ಕದಲ್ಲಿ 56 ಆಗಿ ಕಾಣುತ್ತದೆ. ಎಳೆತ ಇಳಿದಿಲ್ಲ, ಏರಿಕೆ ಇಳಿದಿದೆ.

ಕೊಳವೆಯನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ, ಆಮೇಲೆ ದುರ್ಬಲ ಕಾಸ್ಟಿಕ್ ಸೋಡಾದಲ್ಲಿ, ನಡುನಡುವೆ ಮತ್ತು ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಕೈಗವಸು, ಕನ್ನಡಕ ಬೇಕೇ ಬೇಕು. ಬಾಯಿಂದ ಊದಬೇಡಿ, ಮುಳುಗುವ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ಬೀಕರ್ ತುಂಬಿ ಸ್ವಲ್ಪ ಹೊರಚೆಲ್ಲುವಂತೆ ಮಾಡಿದರೆ ಮೇಲಿನ ಕೊಳೆ ಹೋಗುತ್ತದೆ. ಕೊಳವೆಯನ್ನು ಮೊದಲು ಬೇಕಾದ್ದಕ್ಕಿಂತ ಆಳಕ್ಕೆ ಇಳಿಸಿ, ಮೇಲೆತ್ತಿ, ನೀರು ಕೆಳಗಿಳಿದು ನಿಂತ ಮೇಲೆಯೇ ಓದಿ. ಆಗ ಗೋಡೆ ಒದ್ದೆಯಾಗಿರುತ್ತದೆ, ಕೋನ ಸೊನ್ನೆಗೆ ಹತ್ತಿರವಿರುತ್ತದೆ.

ಎತ್ತರವನ್ನು ಮಿನಿಸ್ಕಸ್‌ನ (ಕೊಳವೆಯೊಳಗೆ ಬಾಗಿದ ನೀರಿನ ಮೇಲ್ಮೈ) ತಳದವರೆಗೆ ಅಳೆದು, ತ್ರಿಜ್ಯದ ಮೂರನೇ ಒಂದು ಭಾಗ ಸೇರಿಸಿ. ನಿಮ್ಮ ಕೊಳವೆಗೆ ಇದು 0.017 ಸೆಂ.ಮೀ. ಮಾತ್ರ. ಎಲ್ಲ ಸರಿಯಿದ್ದರೆ ಎತ್ತರ 2.9 ಬರಬೇಕು. ಬೇರೆ ತ್ರಿಜ್ಯದ ಇನ್ನೊಂದು ಕೊಳವೆಯಲ್ಲೂ ಓದಿ, ತ್ರಿಜ್ಯ ಮತ್ತು ಎತ್ತರದ ಗುಣಲಬ್ಧ ಎರಡರಲ್ಲೂ ಒಂದೇ ಬಂದು ಕಡಿಮೆಯಿದ್ದರೆ ಮತ್ತೆ ನೀರಿನತ್ತ ನೋಡಿ, ಬೇರೆಬೇರೆ ಬಂದರೆ ಕೊಳವೆಯತ್ತ.