ಅಪ್‌ಡೇಟ್: ತಮ್ಮನ ಟಿಪಿಎಂಟಿ ಟೆಸ್ಟ್ ಏನಾಯ್ತು

ಎರಡು ತಿಂಗಳ ಹಿಂದೆ ಕೇಳಿದ್ದೆನಲ್ಲ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣು-ಉರಿಯೂತದ ಕಾಯಿಲೆ) ಇರುವ ನನ್ನ ತಮ್ಮನಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಿಯೋಪ್ರಿನ್ ಮಾತ್ರೆ ಶುರು ಮಾಡುವ ಮೊದಲು ಟಿಪಿಎಂಟಿ ರಕ್ತಪರೀಕ್ಷೆ ಬೇಕೇ ಬೇಕಾ ಎಂದು. ಬೇಕು ಎಂದವರೇ ಜಾಸ್ತಿ. ಮಾಡಿಸಿದೆವು.

ಟಿಪಿಎಂಟಿ ಒಂದು ಕಿಣ್ವ. ಈ ಔಷಧದ ಜೋರು ತಗ್ಗಿಸುವುದು ಅದರ ಕೆಲಸ. ಅದು ತೀರಾ ಕಡಿಮೆ ಇದ್ದರೆ ಮಾಮೂಲಿ ಡೋಸ್ ಕೂಡ ಅಸ್ಥಿಮಜ್ಜೆಗೆ ಪೆಟ್ಟು ಕೊಟ್ಟು ಬಿಳಿ ರಕ್ತಕಣ ಇಳಿಸಿಬಿಡುತ್ತದೆ.

ಶಿರಸಿಯಲ್ಲಿ ರಕ್ತ ತೆಗೆದು ಹೊರಗೆ ಕಳಿಸಿದರು. ರಿಪೋರ್ಟ್ ನಾರ್ಮಲ್! ಅಮ್ಮ ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸಿ ಬಂದಳು. ಹುಬ್ಬಳ್ಳಿಯ ಡಾಕ್ಟರ್ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಇವನಿಗೆ ಇತ್ತೀಚೆಗೆ ರಕ್ತ ಏರಿಸಿದ್ರಾ?"

ಏರಿಸಿದ್ದರು. ಟೆಸ್ಟಿಗೆ ಮೂರು ವಾರ ಮೊದಲು, ಎರಡು ಬಾಟಲಿ. ಕಿಣ್ವವನ್ನು ಅಳೆಯುವುದು ಕೆಂಪು ರಕ್ತಕಣದಲ್ಲಿ. ಅಂದರೆ ನಾವು ದುಡ್ಡು ಕೊಟ್ಟು ಅಳೆಸಿದ್ದು ಯಾರೋ ಪುಣ್ಯಾತ್ಮ ದಾನಿಯ ಕಿಣ್ವವನ್ನೂ ಸೇರಿಸಿ! ಲ್ಯಾಬಿನವರು ಕೇಳಲಿಲ್ಲ, ನಮಗೆ ಹೊಳೆಯಲಿಲ್ಲ.

ಕೊನೆಗೆ ಜೀನ್ ಪರೀಕ್ಷೆ. ಅದಕ್ಕೆ ಈ ತೊಡಕು ಅಷ್ಟಿಲ್ಲ. ಜೊತೆಗೆ ಎನ್‌ಯುಡಿಟಿ 15 ಎಂಬ ಇನ್ನೊಂದು ಜೀನನ್ನೂ ನೋಡಿದರು. ಏಷ್ಯಾದವರಲ್ಲಿ ಬಿಳಿಕಣ ಬೀಳಲು ಟಿಪಿಎಂಟಿಗಿಂತ ಇದರ ಪಾಲೇ ಹೆಚ್ಚಂತೆ. ತಮ್ಮನಿಗೆ ಟಿಪಿಎಂಟಿ ಸರಿ ಇದೆ, ಆದರೆ ಎನ್‌ಯುಡಿಟಿ 15ರ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದೆ. ಹಾಗಾಗಿ ಡೋಸ್ ಕಡಿಮೆ, ಸದ್ಯ ವಾರಕ್ಕೊಮ್ಮೆ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ). ಜೀನ್ ಸರಿ ಇದ್ದವರೂ ಸಿಬಿಸಿ ತಪ್ಪಿಸುವಂತಿಲ್ಲ ಎಂದು ಡಾಕ್ಟರ್ ಎರಡೆರಡು ಸಲ ಹೇಳಿದರು.

ಈಗ ನಾಲ್ಕನೇ ವಾರ. ಕಣಗಳು ಸರಿಯಾಗಿವೆ. ಅಪ್ಪೆಹುಳಿ ಕುಡಿಯಬಹುದಾ ಎಂದು ದಿನಾ ಜೀವ ತಿನ್ನುತ್ತಿದ್ದಾನೆ.