ಕನ್ನಡ, ಇಂಗ್ಲಿಷ್, ಉರ್ದು ಮೂರೂ ಇರೋ ಲೆಟರ್‌ಹೆಡ್ ಟೆಂಪ್ಲೇಟ್: ಅಕ್ಷರದ ಸೈಜ್ ಮಾತೇ ಕೇಳವಲ್ದು

ಬೀದರ್_ಆಫೀಸ್:

ನಮಸ್ಕಾರ್ರಿ. ಬೀದರ್‌ನಾಗ ಒಂದು ಶಿಕ್ಷಣ ಸಂಸ್ಥೆ ಆಫೀಸಿಗೆ ವರ್ಡ್ ಟೆಂಪ್ಲೇಟ್ ಮಾಡಬೇಕಾಗ್ಯದ. ಲೆಟರ್‌ಹೆಡ್‌ನಾಗ ಸಂಸ್ಥೆ ಹೆಸರು ಮೂರೂ ಭಾಷೆದಾಗ ಇರ್ತದ, ಪತ್ರದ ಒಡಲು ಕನ್ನಡ. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಅರ್ಜಿಗೆ ಹಚ್ಚೋ ವ್ಯಾಸಂಗ ಪ್ರಮಾಣಪತ್ರಕ್ಕೂ ಇದೇ ಬೇಕು. ಈಗ ಹಳೇ ಪತ್ರ ತೆಗೆದು ಅದರ ಮ್ಯಾಲೇ ತಿದ್ದಿ ಸೇವ್ ಆ್ಯಸ್ ಮಾಡ್ತಾರ. ಹಿಂದಿನ ಪತ್ರದ ಕ್ರಮಾಂಕ, ತಾರೀಖು ಹಂಗೇ ಉಳಿದು ಬಿಡ್ತಾವ.

ಎಲ್ಲಿ ಸಿಕ್ಕಿಬಿದ್ದದ ಅಂದ್ರ: ನಾರ್ಮಲ್ ಸ್ಟೈಲ್‌ಗೆ 14 ಕೊಟ್ಟರ ಇಂಗ್ಲಿಷ್ ಅಷ್ಟೇ ದೊಡ್ಡದಾಗ್ತದ, ಕನ್ನಡ 11ರಾಗೇ ನಿಲ್ತದ. ಉರ್ದು ಫಾಂಟ್ ಸ್ಟೈಲ್‌ನಾಗ ಹಾಕಿದ್ರ ಕನ್ನಡ ಕೆಡ್ತದ. ಲೆಟರ್‌ಹೆಡ್ ಎರಡನೇ ಪುಟಕ್ಕೂ ಬರ್ತದ. ಒಟ್ಟು ಆರು ಕಂಪ್ಯೂಟರ್, ಎರಡರಾಗ ವರ್ಡ್ ಇಲ್ಲ, ಲಿಬ್ರೆಆಫೀಸ್ ಅದ.

ಕಲಬುರಗಿ_ಡಿಟಿಪಿ:

ಮೊದಲು ಸೈಜಿನ ಕಥಿ. ವರ್ಡ್ ಪ್ರತಿ ಸ್ಟೈಲ್‌ಗೂ ಬ್ಯಾರೆ ಬ್ಯಾರೆ ಫಾಂಟ್ ಖಾನೆ ಇಟ್ಟಿರ್ತದ. ಇಂಗ್ಲಿಷಿಗೆ ಲ್ಯಾಟಿನ್ ಖಾನೆ, ಕನ್ನಡಕ್ಕ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಖಾನೆ. ಫಾಂಟ್, ಸೈಜ್, ಬೋಲ್ಡ್ ಎಲ್ಲಾ ಎರಡಕ್ಕೂ ಬ್ಯಾರೆ. ನೀವು 14 ಕೊಟ್ಟದ್ದು ಲ್ಯಾಟಿನ್‌ಗೆ. ಎರಡನೇ ಖಾನೆ ಕಾಣಬೇಕಂದ್ರ ಫೈಲ್ > ಆಪ್ಷನ್ಸ್ > ಲ್ಯಾಂಗ್ವೇಜ್‌ನಾಗ ಕನ್ನಡ, ಉರ್ದು ಎರಡನ್ನೂ ಸೇರಿಸಿ ವರ್ಡ್ ಪೂರಾ ಮುಚ್ಚಿ ತೆಗೀರಿ. ಆಮ್ಯಾಲೆ ನಾರ್ಮಲ್ ಸ್ಟೈಲ್ ಮ್ಯಾಲೆ ಬಲ ಕ್ಲಿಕ್ > ಮಾಡಿಫೈ > ಫಾರ್ಮ್ಯಾಟ್ > ಫಾಂಟ್. ಅಲ್ಲಿ ಲ್ಯಾಟಿನ್‌ಗೆ ಟೈಮ್ಸ್ ನ್ಯೂ ರೋಮನ್ 12, ಕಾಂಪ್ಲೆಕ್ಸ್‌ಗೆ ನಿರ್ಮಲಾ ಯುಐ ಇಲ್ಲಾ ನೋಟೋ ಸೆರಿಫ್ ಕನ್ನಡ 12 ಇಡ್ರಿ. ತುಂಗಾ ಬ್ಯಾಡ. ವಿಂಡೋಸ್ 10ರಿಂದ ಅದು ಬ್ಯಾರೆಯಾಗಿ ಹಾಕ್ಕೋಬೇಕಾದ ಫಾಂಟ್, ಎಲ್ಲಾ ಕಂಪ್ಯೂಟರ್‌ನಾಗೂ ಇರೂದಿಲ್ಲ.

ಇನ್ನ ಉರ್ದು. ಇಲ್ಲೇ ನಮ್ಮ ಭಾಗದವರಿಗೆ ಪೆಟ್ಟು ಬೀಳೋದು: ಉರ್ದುನೂ ಅದೇ ಕಾಂಪ್ಲೆಕ್ಸ್ ಖಾನೆದಾಗ ಕೂಡ್ತದ. ಒಂದು ಸ್ಟೈಲ್‌ಗೆ ಆ ಖಾನೆದಾಗ ಒಂದೇ ಫಾಂಟ್. ಅದಕ್ಕ ಕನ್ನಡ, ಉರ್ದು ಒಂದೇ ಸ್ಟೈಲ್‌ನಾಗ ಎಂದೂ ಹೊಂದೂದಿಲ್ಲ. (ಔರಾದ್, ಭಾಲ್ಕಿ ಕಡೆ ಮರಾಠಿ ಸಾಲು ಹಾಕೋರಿಗೂ ಇದೇ ಪಂಚಾಯ್ತಿ.) ‘ಉರ್ದು ಸಾಲು’ ಅಂತ ಹೊಸ ಪ್ಯಾರಾಗ್ರಾಫ್ ಸ್ಟೈಲ್ ಮಾಡ್ರಿ, ಸ್ಟೈಲ್ ಬೇಸ್ಡ್ ಆನ್ ಅನ್ನೋದ್ರಾಗ ನೋ ಸ್ಟೈಲ್ ಆರಿಸ್ರಿ, ಕಾಂಪ್ಲೆಕ್ಸ್ ಫಾಂಟ್ ಉರ್ದು ಟೈಪ್‌ಸೆಟ್ಟಿಂಗ್ 16, ದಿಕ್ಕು ಬಲದಿಂದ ಎಡಕ್ಕ. ಕನ್ನಡ ವಾಕ್ಯದ ನಡುವ ಒಂದೆರಡು ಉರ್ದು ಪದ ಬರೋದಿದ್ರ ಅದಕ್ಕ ಕ್ಯಾರೆಕ್ಟರ್ ಸ್ಟೈಲ್ ಇನ್ನೊಂದು.

ಎಚ್ಚರ: ಮಾಡಿಫೈ ಡಬ್ಬಿಯ ಕೆಳಗ ‘ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್’ ಅಂತ ಇರ್ತದಲ್ಲ, ಸಾದಾ ಫೈಲ್‌ನಾಗ ಇದ್ದಾಗ ಅದನ್ನ ಒತ್ತಬ್ಯಾಡ್ರಿ. ನಾರ್ಮಲ್ ಟೆಂಪ್ಲೇಟೇ ಬದಲಾಗಿ ಆ ಕಂಪ್ಯೂಟರ್‌ನ ಎಲ್ಲಾ ಹೊಸ ಫೈಲಿಗೂ ಹತ್ತತದ.

ಪುಟ: ಎ4, ಎಡಕ್ಕ 3 ಸೆಂ.ಮೀ (ಫೈಲಿಗೆ ಪಂಚ್ ಹೊಡೀಬೇಕಲ್ಲ), ಉಳಿದ ಕಡೆ 2. ಲೆಟರ್‌ಹೆಡ್ ಹೆಡರ್‌ನಾಗ, ಗೆರೆ ಇಲ್ಲದ ಮೂರು ಕಾಲಂ ಟೇಬಲ್‌ನಾಗ ಕೂಡಿಸ್ರಿ. ಟೆಕ್ಸ್ಟ್ ಬಾಕ್ಸ್ ಹಾಕಿದ್ರ ಪ್ರಿಂಟರ್ ಬದಲಾದಾಗ ಅತ್ತಿತ್ತ ಸರೀತದ. ‘ಡಿಫರೆಂಟ್ ಫಸ್ಟ್ ಪೇಜ್’ ಟಿಕ್ ಮಾಡಿ ಮೊದಲ ಪುಟದ ಹೆಡರ್‌ನಾಗ ಅಷ್ಟೇ ಲೆಟರ್‌ಹೆಡ್ ಇಡ್ರಿ. ಟೆಂಪ್ಲೇಟ್ ಒಂದೇ ಪುಟದ್ದು ಇರೋದ್ರಿಂದ ಎರಡನೇ ಪುಟದ ಹೆಡರ್ ಕಾಣೂದಿಲ್ಲ. ಕಂಟ್ರೋಲ್ + ಎಂಟರ್ ಒತ್ತಿ ತಾತ್ಪೂರ್ತಿಕ ಪುಟ ಮಾಡಿ, ಅಲ್ಲಿ ಪುಟ ಸಂಖ್ಯೆ ಹಾಕಿ, ಆಮ್ಯಾಲೆ ಪುಟ ತೆಗೀರಿ. ಹೆಡರ್ ಉಳೀತದ.

ತಾರೀಖಿಗೆ ಇನ್ಸರ್ಟ್ > ಕ್ವಿಕ್ ಪಾರ್ಟ್ಸ್ > ಫೀಲ್ಡ್ > ಕ್ರಿಯೇಟ್‌ಡೇಟ್. ಬರೇ ಡೇಟ್ ಫೀಲ್ಡ್ ಹಾಕಿದ್ರ ಮುಂದಿನ ವರ್ಷ ಪತ್ರ ತೆಗೆದಾಗ ಮುಂದಿನ ವರ್ಷದ ತಾರೀಖು ತೋರಸ್ತದ. ಆಡಿಟ್‌ನಾಗ ಅದಕ್ಕಿಂತ ದೊಡ್ಡ ತಲಿನೋವಿಲ್ಲ. ಕ್ರಮಾಂಕ, ವಿದ್ಯಾರ್ಥಿ ಹೆಸರು, ತರಗತಿ, ವರ್ಷ ಇವಕ್ಕ ಡೆವಲಪರ್ ಟ್ಯಾಬ್‌ನಾಗಿನ ಪ್ಲೇನ್ ಟೆಕ್ಸ್ಟ್ ಕಂಟೆಂಟ್ ಕಂಟ್ರೋಲ್ (ಪತ್ರದಾಗ ತುಂಬೋ ಖಾನೆ), ಸಹಿ ಮಾಡೋರ ಪದನಾಮಕ್ಕ ಡ್ರಾಪ್‌ಡೌನ್. ಮ್ಯಾಕ್ರೋ ಬ್ಯಾಡ್ರಿ, ಬೇಕಾಗೂದಿಲ್ಲ.

ಸೇವ್ ಮಾಡುವಾಗ ಟೈಪ್ ‘ವರ್ಡ್ ಟೆಂಪ್ಲೇಟ್’ ಆರಿಸಿದ ಕೂಡಲೇ ವರ್ಡ್ ತಾನೇ ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್ ಫೋಲ್ಡರ್‌ಗೆ ಹೋಗ್ತದ. ಅಲ್ಲೇ ಇಟ್ಟರ ಫೈಲ್ > ನ್ಯೂ > ಪರ್ಸನಲ್‌ನಾಗ ಕಾಣ್ತದ.

ಯಾದಗಿರಿ_ಟೈಪಿಂಗ್:

ಇಷ್ಟೆಲ್ಲಾ ಯಾಕ್ರಿ? ನುಡಿ 01 ಇ ಫಾಂಟ್‌ನಾಗ ಟೈಪ್ ಮಾಡ್ರಿ, ಸೈಜ್ ಹೇಳಿದಂಗ ಕೇಳ್ತದ.

ಕಲಬುರಗಿ_ಡಿಟಿಪಿ:

ಕೇಳ್ತದ, ಖರೆ. ಯಾಕಂದ್ರ ಆ ಹಳೇ ಫಾಂಟ್‌ನಾಗ ಫೈಲ್ ಒಳಗ ಇರೋದು ಇಂಗ್ಲಿಷ್ ಅಕ್ಷರದ ಕೋಡು, ಮ್ಯಾಲೆ ಕನ್ನಡದ ಚಿತ್ರ. ಅದಕ್ಕೇ ಲ್ಯಾಟಿನ್ ಖಾನೆಗೆ ಬೀಳ್ತದ. ಆದ್ರ ಫಾಂಟ್ ಇಲ್ಲದ ಮೊಬೈಲ್‌ನಾಗ ತೆಗೆದ್ರ ಬರೇ ಕಸ. ಹೆಸರು ಹುಡುಕಿದ್ರ ಸಿಗೂದಿಲ್ಲ, ವೆಬ್ ಫಾರ್ಮ್‌ಗೆ ಅಂಟಿಸಿದ್ರ ಕಸಾನೇ ಹೋಗ್ತದ. ನುಡಿ ಕೀಬೋರ್ಡ್ ರೂಢಿ ಇದ್ರ ಅದನ್ನೇ ಇಟ್ಕೊಂಡು ಔಟ್‌ಪುಟ್ ಯೂನಿಕೋಡ್ (ಕನ್ನಡ ಅಕ್ಷರಕ್ಕ ತನ್ನದೇ ಕೋಡು ಇರೋ ಪದ್ಧತಿ) ಮಾಡ್ಕೋರಿ, ಬೆರಳಿನ ಅಭ್ಯಾಸ ಬದಲಾಗೂದಿಲ್ಲ.

ರಾಯಚೂರು_ರಸ್ತೆ:

ಲಿಬ್ರೆಆಫೀಸ್ ಭಾಗ ನಾ ಹೇಳ್ತೀನಿ. ಟೂಲ್ಸ್ > ಆಪ್ಷನ್ಸ್‌ನಾಗ ಭಾಷೆ ವಿಭಾಗಕ್ಕ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಟಿಕ್ ಮಾಡ್ರಿ. ಆಮ್ಯಾಲೆ ಸ್ಟೈಲ್‌ನ ಫಾಂಟ್ ಟ್ಯಾಬ್‌ನಾಗ ವೆಸ್ಟರ್ನ್, ಸಿಟಿಎಲ್ ಅಂತ ಖಾನೆ ಕಾಣ್ತಾವ. ಕನ್ನಡ, ಉರ್ದು ಎರಡೂ ಸಿಟಿಎಲ್ ಒಳಗೇ. ಅಂದ್ರ ಅಲ್ಲೂ ಎರಡು ಸ್ಟೈಲ್ ಬೇಕು.

ವರ್ಡ್ ಟೆಂಪ್ಲೇಟನ್ನೇ ಅಲ್ಲಿ ನಡೆಸಬ್ಯಾಡ್ರಿ. ಕಂಟೆಂಟ್ ಕಂಟ್ರೋಲ್ ರೈಟರ್‌ಗೆ (ಲಿಬ್ರೆಆಫೀಸ್‌ನಾಗ ಪತ್ರ ಬರಿಯೋ ಭಾಗ) ಬಂದದ್ದು 7.4ರಾಗ, ಅದಕ್ಕಿಂತ ಹಳೇದ್ರಾಗ ಕೈಕೊಡ್ತದ. ಬ್ಯಾರೆ ಒಟಿಟಿ ಫೈಲ್ ಮಾಡ್ರಿ (ಸಿನಿಮಾ ಒಟಿಟಿ ಅಲ್ರಿ, ಲಿಬ್ರೆಆಫೀಸ್ ಟೆಂಪ್ಲೇಟಿನ ಬಾಲ ಅದು): ಫೈಲ್ > ಟೆಂಪ್ಲೇಟ್ಸ್ > ಸೇವ್ ಆ್ಯಸ್ ಟೆಂಪ್ಲೇಟ್. ಹೊಸ ಪತ್ರಕ್ಕ ಕಂಟ್ರೋಲ್ + ಶಿಫ್ಟ್ + ಎನ್. ಹೆಡರ್ ಸೆಟ್ಟಿಂಗ್‌ನಾಗ ‘ಸೇಮ್ ಕಂಟೆಂಟ್ ಆನ್ ಫಸ್ಟ್ ಪೇಜ್’ ಟಿಕ್ ತೆಗೆದ್ರ ಲೆಟರ್‌ಹೆಡ್ ಮೊದಲ ಪುಟಕ್ಕಷ್ಟೇ ನಿಲ್ತದ.

ಟೆಂಪ್ಲೇಟ್ ತಿದ್ದಿದ ಮ್ಯಾಲೆ ಹಳೇ ಪತ್ರ ತೆಗೆದ್ರ ‘ಸ್ಟೈಲ್ ಅಪ್‌ಡೇಟ್ ಮಾಡ್ಲೇನು’ ಅಂತ ಕೇಳ್ತದ. ಹಳೇದೇ ಇರ್ಲಿ ಅಂದ್ರೋ, ಆ ಪತ್ರಕ್ಕ ಮತ್ತ ಎಂದೂ ಕೇಳೂದಿಲ್ಲ.

ಬೀದರ್_ಆಫೀಸ್:

ಸೈಜು, ಉರ್ದು ಎರಡೂ ಕುಂತ್ವು. ಎರಡು ಉಳದಾವ. ಲೆಟರ್‌ಹೆಡ್‌ನಾಗ ‘ಶಿಕ್ಷಣ’, ‘ಸಂಸ್ಥೆ’ ಇವುಗಳ ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿ ಪ್ರಿಂಟ್ ಆಗ್ತಾವ. ಮತ್ತ ಟೆಂಪ್ಲೇಟ್‌ನಾಗ ಏನರೆ ತಿದ್ದೂಣು ಅಂತ ಫೈಲ್ ಮ್ಯಾಲೆ ಎರಡು ಸಲ ಒತ್ತಿದ್ರ ಪ್ರತಿ ಸಲ ‘ಡಾಕ್ಯುಮೆಂಟ್ 1’ ತೆಗೀತದ, ಟೆಂಪ್ಲೇಟ್ ಸಿಗವಲ್ದು.

ಕಲಬುರಗಿ_ಡಿಟಿಪಿ:

ಒತ್ತಕ್ಷರ ಕತ್ತರಿಸೋ ಜಾಗ ಎರಡು, ಎರಡೂ ನೋಡ್ರಿ. ಒಂದು ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಇರ್ತದ. ಅದು ಕೊಟ್ಟ ಅಳತಿಗೇ ನಿಲ್ತದ, ಕೆಳಗ ಇಳಿಯೋ ಒತ್ತಿಗೆ ಜಾಗ ಬಿಡೂದಿಲ್ಲ. ‘ಮಲ್ಟಿಪಲ್’ 1.15 ಮಾಡ್ರಿ. ಇನ್ನೊಂದು ಟೇಬಲ್‌ನ ಸಾಲಿನ ಎತ್ತರ: ಟೇಬಲ್ ಪ್ರಾಪರ್ಟೀಸ್ > ರೋ ಒಳಗ ‘ಎಕ್ಸಾಕ್ಟ್ಲಿ’ ಬದಲು ‘ಅಟ್ ಲೀಸ್ಟ್’. ಉರ್ದು ನಸ್ತಾಲೀಕ್ (ಓರೆಯಾಗಿ ಇಳಿಯೋ ಉರ್ದು ಬರಹದ ಶೈಲಿ) ಇನ್ನೂ ಹೆಚ್ಚು ಎತ್ತರ ತಿಂತದ, ಅದರ ಸಾಲಿಗೆ ‘ಸಿಂಗಲ್’ ಬಿಟ್ಟು ಏನೂ ಮುಟ್ಟಬ್ಯಾಡ್ರಿ.

ಎರಡು ಸಲ ಒತ್ತಿದ್ರ ನಕಲು ತೆಗೆಯೋದೇ ಟೆಂಪ್ಲೇಟ್‌ನ ಧರ್ಮ. ತಿದ್ದಬೇಕಂದ್ರ ಬಲ ಕ್ಲಿಕ್ > ಓಪನ್, ಇಲ್ಲಾ ವರ್ಡ್ ಒಳಗಿಂದ ಫೈಲ್ > ಓಪನ್.

ನಾಲ್ಕು ವರ್ಡ್ ಕಂಪ್ಯೂಟರ್‌ಗೂ ಒಂದೇ ಟೆಂಪ್ಲೇಟ್ ಬೇಕಾದ್ರ ಹಂಚಿಕೆ ಫೋಲ್ಡರ್‌ನಾಗ ಇಟ್ಟು, ಆಪ್ಷನ್ಸ್ > ಅಡ್ವಾನ್ಸ್ಡ್ > ಫೈಲ್ ಲೊಕೇಶನ್ಸ್‌ನಾಗ ವರ್ಕ್‌ಗ್ರೂಪ್ ಟೆಂಪ್ಲೇಟ್ಸ್‌ಗೆ ಆ ದಾರಿ ಕೊಡ್ರಿ. ಫೋಲ್ಡರ್ ಬಾಕಿಯವರಿಗೆ ಓದಲಿಕ್ಕಷ್ಟೇ ಇರ್ಲಿ. ಮುಂದ ಆ ಹಂಚಿಕೆ ಕಂಪ್ಯೂಟರ್ ಹೆಸರು ಬದಲಾದ್ರ ಹಳೇ ಪತ್ರ ಒಂದೊಂದೂ ತೆಗೀಲಿಕ್ಕೆ ಭಾಳ ಹೊತ್ತು ತಗೋತಾವ, ವರ್ಡ್ ಇಲ್ಲದ ಟೆಂಪ್ಲೇಟನ್ನ ಹುಡುಕ್ತಿರ್ತದ. ಆಗ ಡೆವಲಪರ್ > ಡಾಕ್ಯುಮೆಂಟ್ ಟೆಂಪ್ಲೇಟ್‌ನಾಗ ಹೊಸ ದಾರಿ ಕೊಡ್ರಿ. ಫಾಂಟ್ ಹಾಕುವಾಗ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’. ಸಾದಾ ಇನ್‌ಸ್ಟಾಲ್ ಒತ್ತಿದ್ರ ಹಾಕಿದವರ ಲಾಗಿನ್‌ನಾಗ ಅಷ್ಟೇ ಕಾಣ್ತದ.

ಬೀದರ್_ಆಫೀಸ್:

ಟೇಬಲ್ ಸಾಲಿನ ಎತ್ತರಾನೇ ಇತ್ರಿ. ಈಗ ಒತ್ತು ಪೂರಾ ಬರ್ತಾವ.